ತಿಂಗಳ ಲೆಕ್ಕದ ಊಟ

ನಮ್ಮ ಐಟಿ ಕ್ಷೇತ್ರದಲ್ಲಿ ಮುಂಬಯಿಯ ಡಬ್ಬಾವಾಲಾಗಳ ಹೆಸರು ಕೇಳದವರು ಕಡಿಮೆ. ಕ್ವಾಲಿಟಿ ತರಬೇತಿ ಎಂದರೆ ಸಿಕ್ಸ್ ಸಿಗ್ಮಾದ ಜೊತೆ ಬಿಳಿ ಟೋಪಿಯ ಡಬ್ಬಾವಾಲಾನ ಚಿತ್ರವೂ ಬರುತ್ತದೆ. ಡಬ್ಬಿ ಹೇಗೆ ತಲುಪುತ್ತದೆ, ಮುಚ್ಚಳದ ಮೇಲಿನ ಗುರುತುಗಳ ಅರ್ಥವೇನು, ತಪ್ಪು ಎಷ್ಟು ಕಡಿಮೆ ಎಂದೆಲ್ಲ ಮಾತಾಡುತ್ತೇವೆ. ಅದರೊಳಗೆ ಏನಿತ್ತು, ಯಾರು ಬೇಯಿಸಿದರು ಎಂದು ಮಾತ್ರ ಕೇಳುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ನಿಜಕ್ಕೂ ಬೇಕಾದದ್ದು ಆ ಪ್ರಶ್ನೆಗಳೇ.

ಊಟದ ವಿಷಯದಲ್ಲಿ ಇಂದು ನಮಗೆ ಸಿಗುವ ಉಪದೇಶವೆಲ್ಲ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸಕ್ಕರೆ ಬಿಡಿ, ರಾತ್ರಿ ಆರ್ಡರ್ ಮಾಡಬೇಡಿ, ನಾಲಿಗೆ ಹಿಡಿತದಲ್ಲಿರಲಿ. ಮುಂಬಯಿಯ ಚರಿತ್ರೆಯನ್ನು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಅಲ್ಲಿಗೆ ದುಡಿಯಲು ಬಂದ ಲಕ್ಷಾಂತರ ಜನ ಹೊತ್ತಿಗೆ ಸರಿಯಾಗಿ ಉಂಡದ್ದು ಸಂಯಮದ ಬಲದಿಂದಲ್ಲ, ಅದಕ್ಕೊಂದು ಏರ್ಪಾಡು ಇದ್ದದ್ದರಿಂದ.

1854ರಲ್ಲಿ ಕಾವಸ್‌ಜಿ ದಾವರ್ ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದರು. ಮುಂದಿನ ದಶಕಗಳಲ್ಲಿ ಪರೇಲ್, ಲಾಲ್‌ಬಾಗ್ ಸುತ್ತಮುತ್ತ ಗಿರಣಿಗಳು ಎದ್ದು, ಆ ಪ್ರದೇಶಕ್ಕೇ ಗಿರಣಗಾಂವ್ ಎಂಬ ಹೆಸರು ಬಂತು. ರತ್ನಾಗಿರಿ, ಸಾತಾರಾ ಕಡೆಯ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದರು. ಚಾಳಿನ ಒಂದೇ ಕೋಣೆಯನ್ನು ಹಲವರು ಹಂಚಿಕೊಂಡು ಪಾಳಿಯ ಪ್ರಕಾರ ಮಲಗುತ್ತಿದ್ದರು. ಒಲೆ ಹಚ್ಚಲು ಜಾಗವೂ ಇಲ್ಲ, ಹೊತ್ತೂ ಇಲ್ಲ.

ಅವರನ್ನು ಉಳಿಸಿದ್ದು ಖಾನಾವಳಿ. ಹುಬ್ಬಳ್ಳಿ ಧಾರವಾಡದ ಕಡೆಯವರಿಗೆ ಈ ಹೆಸರು ಹೊಸದೇನಲ್ಲ. ಆದರೆ ಗಿರಣಗಾಂವ್‌ನ ಖಾನಾವಳಿಗಳು ಬಹುಪಾಲು ಬೋರ್ಡು, ಮೇಜು, ಕುರ್ಚಿ ಯಾವುದೂ ಇಲ್ಲದ ಮನೆಗಳು. ಒಬ್ಬ ಹೆಂಗಸು ತನ್ನ ಒಂದು ಕೋಣೆಯ ಮನೆಯಲ್ಲೇ ಹತ್ತಿಪ್ಪತ್ತು ಕಾರ್ಮಿಕರಿಗೆ ಎರಡು ಹೊತ್ತು ಅಡುಗೆ ಮಾಡುತ್ತಿದ್ದಳು. ಭಾಕ್ರಿ, ಬೇಳೆ, ಪಲ್ಯ, ಕೊಂಕಣದವರಿದ್ದರೆ ಮೀನು. ಪಾಳಿ ಮುಗಿಸಿದವನು ಬಂದು ಉಂಡು ಹೋಗುತ್ತಿದ್ದ, ಉಳಿದವರಿಗೆ ಬುತ್ತಿ ಗಿರಣಿಗೇ ಹೋಗುತ್ತಿತ್ತು. ಹಣ ತಿಂಗಳ ಕೊನೆಗೆ, ಸಂಬಳ ಬಂದ ಮೇಲೆ.

ಆಫೀಸಿನ ನೌಕರರಿಗೆ ಇದೇ ಕೆಲಸವನ್ನು ಡಬ್ಬಾವಾಲಾಗಳು ಮಾಡಿಕೊಟ್ಟರು. 1890ರ ಹೊತ್ತಿಗೆ ಮಹಾದೇವ ಹಾವಜಿ ಬಚ್ಚೆ ಸುಮಾರು ನೂರು ಜನರೊಂದಿಗೆ ಇದನ್ನು ಶುರುಮಾಡಿದರೆಂದು ಅವರ ಚರಿತ್ರೆ ಹೇಳುತ್ತದೆ. ಮನೆಯಲ್ಲಿ ಬೆಳಿಗ್ಗೆ ಬೆಂದದ್ದು ಲೋಕಲ್ ರೈಲಿನಲ್ಲಿ ಬಂದು ಮಧ್ಯಾಹ್ನಕ್ಕೆ ಮೇಜಿನ ಮೇಲೆ ಇರುತ್ತಿತ್ತು. ಇದಕ್ಕೂ ತಿಂಗಳ ಲೆಕ್ಕವೇ. ಇದರ ಹಿಂದೆ ಆರೋಗ್ಯದ ಕಾಳಜಿ ಒಂದೇ ಇತ್ತೆಂದರೆ ಸುಳ್ಳಾಗುತ್ತದೆ. ಬೇರೆ ಜಾತಿಯವರು ಮುಟ್ಟಿದ್ದನ್ನು ಉಣ್ಣಬಾರದೆಂಬ ಮಡಿಯೂ ಆ ಡಬ್ಬಿಯಲ್ಲಿ ಕೂತು ಬರುತ್ತಿತ್ತು.

ಮೂರನೆಯದು ನಮ್ಮವರದು. ಕರಾವಳಿಯಿಂದ ಹೋದವರು ಮುಂಬಯಿಯಲ್ಲಿ ಹೋಟೆಲು, ಬೋರ್ಡಿಂಗುಗಳನ್ನು ತೆರೆದರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಹುಡುಗರ ಕಥೆ ಮುಂಬಯಿ ಕನ್ನಡಿಗರಿಗೆ ಗೊತ್ತೇ ಇದೆ. ಮಾಟುಂಗಾ ಸ್ಟೇಷನ್ನಿನ ಬಳಿ ಎ. ರಾಮಾ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅಂಥ ಬೋರ್ಡಿಂಗಿನಲ್ಲಿ ದೊಡ್ಡ ಮೆನು ಇಲ್ಲ. ಇವತ್ತು ಏನು ಮಾಡಿದ್ದಾರೋ ಅದೇ ಊಟ.

ಅದೇ 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರ ಮೇ ತಿಂಗಳಲ್ಲಿ ಮುಂಬಯಿಗೆ ರೇಷನ್ ಬಂತು. ಅನ್ನವಿಲ್ಲದೆ ಊಟವೇ ಅಲ್ಲ ಎನ್ನುತ್ತಿದ್ದವರೂ ಗೋಧಿಗೆ, ಜೋಳ ಸಜ್ಜೆಗೆ ಹೊಂದಿಕೊಳ್ಳಬೇಕಾಯಿತು. ಯುದ್ಧಕಾಲದ ಅಕ್ಕಿಯ ಅಭಾವದಲ್ಲೇ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂ.ಟಿ.ಆರ್.ನವರು ಹೇಳುತ್ತಾರೆ. ಅಭ್ಯಾಸ ಎನ್ನುವುದು ಹುಟ್ಟುಗುಣವಲ್ಲ. ಸುತ್ತಲ ವ್ಯವಸ್ಥೆ ಬದಲಾದರೆ ನಾಲಿಗೆಯೂ ನಿಧಾನವಾಗಿ ಬದಲಾಗುತ್ತದೆ.

ಖಾನಾವಳಿ, ಡಬ್ಬಿ, ಬೋರ್ಡಿಂಗು ಮೂರರಲ್ಲೂ ಕೆಲವು ಸಂಗತಿಗಳು ಸಮಾನ. ಊಟಕ್ಕೆ ಗೊತ್ತಾದ ಹೊತ್ತಿತ್ತು. ಏನು ಉಣ್ಣಬೇಕೆಂದು ಉಣ್ಣುವವನು ಪ್ರತಿ ಸಲ ಹಸಿದ ಹೊಟ್ಟೆಯಲ್ಲಿ ತೀರ್ಮಾನಿಸಬೇಕಿರಲಿಲ್ಲ. ಖಾನಾವಳಿಯಲ್ಲೂ ಮನೆಯ ಡಬ್ಬಿಯಲ್ಲೂ ಬಡಿಸುವವರಿಗೆ ಉಣ್ಣುವವನ ಪರಿಚಯವಿತ್ತು. ಪ್ರಾಜೆಕ್ಟ್ ನಡೆಸುವವರಿಗೆ ಇದು ಗೊತ್ತಿರುವ ಮಾತು: ದಿನಾ ಯಾರಾದರೊಬ್ಬರು ಪವಾಡ ಮಾಡಿದರೆ ಮಾತ್ರ ನಡೆಯುವ ಕೆಲಸ ಬಹಳ ದಿನ ನಡೆಯುವುದಿಲ್ಲ. ಊಟಕ್ಕೂ ಅದು ಸಲ್ಲುತ್ತದೆ.

ಆದರೆ ಈ ಏರ್ಪಾಡಿನ ಭಾರ ಹೊತ್ತವರು ಯಾರು? ಖಾನಾವಳಿಯ ಹೆಂಗಸರು ದಿನಸಿಯನ್ನು ಸಾಲಕ್ಕೆ ತರುತ್ತಿದ್ದರು, ಸಾಲಗಾರರಿಗೆ ವಿಪರೀತ ಬಡ್ಡಿ ಕಟ್ಟುತ್ತಿದ್ದರು. ಮುಷ್ಕರದ ದಿನಗಳಲ್ಲಿ ಸಂಬಳವಿಲ್ಲದ ಕಾರ್ಮಿಕರಿಗೂ ಬಡಿಸಿದರು. ಗಿರಣಿಯ ಲೆಕ್ಕಪುಸ್ತಕದಲ್ಲಿ ಮಾತ್ರ ಅವರ ಹೆಸರಿಲ್ಲ. 1975ರಲ್ಲಿ ಪ್ರೇಮಾ ಪುರಾವ್ ಈ ಹೆಂಗಸರನ್ನು ಒಟ್ಟುಗೂಡಿಸಿ ಅನ್ನಪೂರ್ಣ ಮಹಿಳಾ ಮಂಡಲ ಕಟ್ಟಿ, ಬ್ಯಾಂಕಿನಿಂದ ಕಡಿಮೆ ಬಡ್ಡಿಯ ಸಾಲ ಸಿಗುವಂತೆ ಮಾಡಿದರು. ಅಡುಗೆಯೂ ದುಡಿಮೆಯೇ ಎಂಬುದನ್ನು ಒಪ್ಪಿಸಲು ಗಿರಣಗಾಂವ್‌ಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಎಷ್ಟೋ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಅವುಗಳನ್ನು ನಂಬಿದ್ದ ಖಾನಾವಳಿಗಳ ಒಲೆಯೂ ಆರುತ್ತಾ ಬಂತು. 2020ರ ಲಾಕ್‌ಡೌನ್‌ನಲ್ಲಿ ಲೋಕಲ್ ರೈಲು ನಿಂತಾಗ ಡಬ್ಬಾವಾಲಾಗಳ ಕೆಲಸವೂ ನಿಂತಿತು, ಹಲವರು ಊರಿಗೆ ಮರಳಿದರು. ಏರ್ಪಾಡು ತಾನಾಗಿ ಉಳಿಯುವುದಿಲ್ಲ. ಅದರ ಆಧಾರ ಕುಸಿದರೆ ಅದೂ ಕುಸಿಯುತ್ತದೆ, ಮೊದಲು ಪೆಟ್ಟು ಬೀಳುವುದು ಬಡಿಸುವ ಕೈಗೆ.

ಈಗ ಪುಣೆಯ ಹಿಂಜೆವಾಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಫ್ಲ್ಯಾಟ್ ಹಂಚಿಕೊಂಡಿರುವ ನಾಲ್ಕು ಹುಡುಗರನ್ನು ನೋಡಿ. ಚಾಳಿನ ಕಾರ್ಮಿಕನಿಗಿಂತ ಹತ್ತು ಪಟ್ಟು ಜಾಗವಿದೆ, ಗ್ಯಾಸಿದೆ, ಫ್ರಿಡ್ಜಿದೆ. ಇಲ್ಲದಿರುವುದು ಗೊತ್ತಾದ ಹೊತ್ತು, ಗೊತ್ತಾದ ಅಡುಗೆ. ರಾತ್ರಿ ಹನ್ನೊಂದಕ್ಕೆ ಆಪ್ ತೆರೆದರೆ ನೂರಾರು ತಿನಿಸುಗಳ ಪಟ್ಟಿ, ದಣಿದ ತಲೆಯಿಂದ ತೀರ್ಮಾನ. ಮರುದಿನ ಪಶ್ಚಾತ್ತಾಪ, ಸೋಮವಾರದಿಂದ ಡಯಟ್. ಇದನ್ನು ಅವರ ದುರ್ಬಲ ಮನಸ್ಸಿನ ತಪ್ಪೆನ್ನುವುದು ನ್ಯಾಯವಲ್ಲ.

ಅವರು ಮಾಡಬಹುದಾದದ್ದು ಸರಳವಾಗಿದೆ. ನಾಲ್ವರೂ ಸೇರಿ ಒಂದು ಚಿಕ್ಕ ಖಾನಾವಳಿ ಕಟ್ಟಿಕೊಳ್ಳಬಹುದು. ವಾರದ ಅಡುಗೆಯನ್ನು ಭಾನುವಾರವೇ ಬರೆದು ಗೋಡೆಗೆ ಅಂಟಿಸುವುದು, ಎರಡು ದಿನವಾದರೂ ಜೋಳದ ರೊಟ್ಟಿಯನ್ನೋ ಮುದ್ದೆಯನ್ನೋ ಇಟ್ಟುಕೊಳ್ಳುವುದು, ರಾತ್ರಿಯೂಟದ ಹೊತ್ತಿನ ಮೇಲೆ ಮೀಟಿಂಗ್ ಬರದಂತೆ ಕ್ಯಾಲೆಂಡರಿನಲ್ಲಿ ಗುರುತಿಡುವುದು. ಅಡುಗೆಗೆ ಅಕ್ಕ ಒಬ್ಬರು ಬರುವುದಾದರೆ ಸರಿಯಾದ ಸಂಬಳ, ವಾರಕ್ಕೊಂದು ರಜೆ, ನಾವು ಊರಿಗೆ ಹೋದ ದಿನಗಳಿಗೂ ಕಡಿತವಿಲ್ಲದ ಲೆಕ್ಕ. ಆ ಲೆಕ್ಕ ಒಂದನೇ ತಾರೀಖಿಗೇ ಚುಕ್ತಾ ಆಗಲಿ. ಗಿರಣಗಾಂವ್‌ನ ಹೆಂಗಸರು ತಿಂಗಳ ಕೊನೆಯವರೆಗೆ ಕಾದದ್ದು ಸಾಕು.