ಬೆಂಬಲಿತ ಉದ್ಯೋಗ: ಕಾರ್ಯಾಗಾರದಿಂದ ಊರ ದುಡಿಮೆಯವರೆಗೆ

ಅಂಗವಿಕಲರಿಗೆ ಎಲ್ಲರೂ ದುಡಿಯುವ ಜಾಗದಲ್ಲೇ, ಎಲ್ಲರಿಗೂ ಸಿಗುವ ಸಂಬಳಕ್ಕೇ ಕೆಲಸ ಕೊಡಿಸಿ, ಅದು ಕೈಗೆ ಹತ್ತುವವರೆಗೆ ಜೊತೆಗಿದ್ದು, ಬೇಕಾದರೆ ಆಮೇಲೂ ಬಂದು ವಿಚಾರಿಸಿಕೊಳ್ಳುವ ವ್ಯವಸ್ಥೆಗೆ ಬೆಂಬಲಿತ ಉದ್ಯೋಗ ಎಂದು ಹೆಸರು. ತರಬೇತಿ ಕೇಂದ್ರ, ಮೀಸಲಾತಿ, ಮಾಸಾಶನ ಇವೆಲ್ಲ ಇದಕ್ಕಿಂತ ಹಳೆಯವು. ಅವುಗಳಲ್ಲಿ ಇಲ್ಲದ್ದು, ಇದರಲ್ಲಿ ಇರುವುದು, ಕೆಲಸಕ್ಕೆ ಸೇರಿದ ಮೇಲಿನ ನೆರವು. ಹುಬ್ಬಳ್ಳಿ-ಧಾರವಾಡದಲ್ಲಿ ಈ ವಿಚಾರಕ್ಕೆ ಒಂದಿಷ್ಟು ನೆಲೆ ಸಿಕ್ಕಿದೆ. ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಹಳ್ಳಿಗೆ ಅದು ಯಾವ ರೂಪದಲ್ಲಿ ಹೊಂದೀತು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಈ ಸೀಮೆಯಲ್ಲಿ ಅಂಗವಿಕಲರ ಅನ್ನದ ದಾರಿಯನ್ನು ಸರ್ಕಾರಕ್ಕಿಂತ ಮೊದಲು ಯೋಚಿಸಿದವರು ಮಠದವರು ಮತ್ತು ಸಂಗೀತಗಾರರು. 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದ ಗದಗದ ವೀರೇಶ್ವರ ಪುಣ್ಯಾಶ್ರಮ ಅದಕ್ಕೆ ಸಾಕ್ಷಿ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಆಶ್ರಮದಲ್ಲಿ ಕಲಿತ ಅಂಧ ಮಕ್ಕಳು ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು, ತಬಲಾ-ಹಾರ್ಮೋನಿಯಂ ಸಾಥಿದಾರರಾದರು. ಆಶ್ರಮದ ನಾಟಕ ಕಂಪನಿಯೂ ಹಲವರಿಗೆ ಕೆಲಸ ಕೊಟ್ಟಿತು. ಇದು ದಾನವಲ್ಲ, ಕಸುಬು. ಊರವರ ಗೌರವವೂ ಅದರ ಜೊತೆಗೇ ಬಂತು. ಆದರೆ ಕಂಠವೂ ಕಿವಿಯೂ ಒಲಿದವರಿಗಷ್ಟೇ ಅಲ್ಲಿ ದಾರಿಯಿತ್ತು. ಉಳಿದವರ ಹೊಣೆ ಮನೆಯವರ ಮೇಲೇ ಉಳಿಯಿತು.

ಸ್ವಾತಂತ್ರ್ಯಾನಂತರ ಈ ಹೊಣೆಯನ್ನು ಸಂಸ್ಥೆಗಳೂ ಸರ್ಕಾರವೂ ಹಂಚಿಕೊಂಡವು. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಸಂಸ್ಥೆಯನ್ನು ಕಟ್ಟಿದರು. ಅದರ ತೋಟಗಾರಿಕೆ ತರಬೇತಿ ಮುಂದೆ ಹೆಸರು ಮಾಡಿತು. ಕೇಂದ್ರ ಸರ್ಕಾರದ ವೃತ್ತಿ ಪುನರ್ವಸತಿ ಕೇಂದ್ರಗಳು 1968ರಲ್ಲಿ ಮುಂಬೈ ಮತ್ತು ಹೈದರಾಬಾದಿನಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿಗೂ ಬಂದವು. 1977ರಲ್ಲಿ ಕೇಂದ್ರದ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾಯಿತು. ದೇಶದ ಉದ್ದಗಲಕ್ಕೂ ಆ ಕಾಲದ ಮಾದರಿ ಒಂದೇ: ಪ್ರತ್ಯೇಕ ಕಾರ್ಯಾಗಾರ, ಅಲ್ಲಿ ಬೆತ್ತದ ಕುರ್ಚಿ ಹೆಣೆಯುವುದು, ಮೇಣದಬತ್ತಿ, ಸೀಮೆಸುಣ್ಣ ಮಾಡುವುದು. ‘ಸಿದ್ಧರಾದ’ ಮೇಲೆ ಹೊರಗೆ ಕೆಲಸ ಎಂಬುದು ಆಶಯ. ವರ್ಷಗಟ್ಟಲೆ ಕಲಿತರೂ ಸಿದ್ಧರಾದರೆಂದು ಹೇಳುವವರು ಯಾರೂ ಇರಲಿಲ್ಲ. ಬೌದ್ಧಿಕ ಅಂಗವೈಕಲ್ಯ ಇದ್ದವರಂತೂ ಎಷ್ಟೋ ಮಂದಿ ಕಾರ್ಯಾಗಾರದಲ್ಲೇ ನಡುವಯಸ್ಸು ದಾಟಿದರು.

ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ್ದು ಅಮೆರಿಕದ ಪ್ರಯೋಗಗಳು. 1970ರ ದಶಕದಲ್ಲಿ ಮಾರ್ಕ್ ಗೋಲ್ಡ್ ಎಂಬ ಶಿಕ್ಷಣತಜ್ಞ, ಏನನ್ನೂ ಕಲಿಯಲಾರರೆಂದು ಬದಿಗಿಟ್ಟವರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸುವುದನ್ನು ಕಲಿಸಿ ತೋರಿಸಿದ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದೊಂದನ್ನೇ ಕೈ ಹಿಡಿದು ಕಲಿಸುವುದು ಅವನ ವಿಧಾನ. ಕಲಿಯದಿದ್ದರೆ ದೋಷ ಕಲಿಸುವವನದು ಎಂಬ ಅವನ ನಿಲುವು ಆ ಕ್ಷೇತ್ರದ ಮಾತಿನ ಧಾಟಿಯನ್ನೇ ಬದಲಿಸಿತು. ಒರೆಗಾನ್‌ನ ಥಾಮಸ್ ಬೆಲ್ಲಮಿ, ವರ್ಜೀನಿಯಾದ ಪಾಲ್ ವೆಹ್ಮನ್ ಇದನ್ನು ಮುಂದಕ್ಕೆ ಒಯ್ದರು: ಮೊದಲು ಕೆಲಸ, ಕಲಿಕೆ ಅಲ್ಲೇ. ಹೊಸಬರ ಪಕ್ಕದಲ್ಲಿ ನಿಂತು ಕಲಿಸುವ ‘ಜಾಬ್ ಕೋಚ್’ ಎಂಬ ಹುದ್ದೆ ಹುಟ್ಟಿದ್ದು ಹೀಗೆ. 1986ರಲ್ಲಿ ಅಮೆರಿಕದ ಪುನರ್ವಸತಿ ಕಾನೂನಿನ ತಿದ್ದುಪಡಿ ಈ ಸೇವೆಗೆ ಸರ್ಕಾರದ ಹಣದ ದಾರಿ ತೆರೆಯಿತು.

ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ ಇದೇ ತತ್ವವನ್ನು 1990ರ ದಶಕದ ಆರಂಭದಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ರೂಪಿಸಿದರು. ಕೆಲಸ ಬೇಕೆಂದವರನ್ನು ರೋಗದ ತೀವ್ರತೆಯ ಕಾರಣಕ್ಕೆ ತಿರಸ್ಕರಿಸಬಾರದು, ಬೇಗ ಕೆಲಸ ಹುಡುಕಬೇಕು, ಚಿಕಿತ್ಸೆ ನೀಡುವ ತಂಡದಲ್ಲೇ ಉದ್ಯೋಗ ಸಲಹೆಗಾರರಿರಬೇಕು, ನೆರವಿಗೆ ಗಡುವು ಹಾಕಬಾರದು. ಯುರೋಪಿನ 6 ಕೇಂದ್ರಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯ 312 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಧಾನದ ಗುಂಪಿನ ಶೇ 55ರಷ್ಟು ಜನ ಕೆಲಸ ಕಂಡರು. ರೂಢಿಯ ವೃತ್ತಿ ತರಬೇತಿಯ ಗುಂಪಿನಲ್ಲಿ ಶೇ 28. ಒಂದು ದಿನ ದುಡಿದವರನ್ನೂ ಆ ಲೆಕ್ಕಕ್ಕೆ ಸೇರಿಸಿದ್ದರೆಂಬುದನ್ನು ಮರೆಯಬಾರದು. ಹಾಗಿದ್ದರೂ ಎರಡು ಗುಂಪುಗಳ ನಡುವಿನ ಅಂತರ ದೊಡ್ಡದೇ.

ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು 2007ರಲ್ಲಿ ಅನುಮೋದಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆಯವರಿಗೂ ಅದರಲ್ಲಿ ಮೊದಲ ಬಾರಿಗೆ ಪಾಲು ಸಿಕ್ಕಿತು. ತರಬೇತಿಗೆ ಮಾರುಕಟ್ಟೆಯ ನಂಟಿರಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ಕೆಲಸದ ಜಾಗದಲ್ಲಿ ಜೊತೆ ನಿಲ್ಲುವವರ ಸಂಬಳ ಯಾರು ಕೊಡಬೇಕು? ಅಲ್ಲಿ ಕಾಯ್ದೆ ಮೌನ.

ಕಾಯ್ದೆಗೆ ಮೊದಲೂ ಆಮೇಲೂ ಕರ್ನಾಟಕದಲ್ಲಿ ಈ ಕೆಲಸ ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳ, ಕೆಲವು ಕಂಪನಿಗಳ ಪಾಲಿಗೆ ಬಂತು. ಮಹಾಂತೇಶ ಕಿವಡಸಣ್ಣವರ ಮತ್ತು ಎಸ್.ಪಿ. ನಾಗೇಶ್ 1997ರಲ್ಲಿ ಸಮರ್ಥನಂ ಸಂಸ್ಥೆಯನ್ನು, ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ 1999ರಲ್ಲಿ ಎನೇಬಲ್ ಇಂಡಿಯಾವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಎನೇಬಲ್ ಇಂಡಿಯಾ ಅಭ್ಯರ್ಥಿಗೆ ತರಬೇತಿ ಕೊಟ್ಟಷ್ಟೇ ಗಮನವನ್ನು ಮಾಲೀಕರ ಕಡೆಗೂ ಕೊಟ್ಟಿತು: ಯಾವ ಹುದ್ದೆ ಯಾರಿಗೆ ಹೊಂದುತ್ತದೆ, ಕಂಪ್ಯೂಟರಿಗೆ ಯಾವ ತಂತ್ರಾಂಶ ಬೇಕು, ಸಹೋದ್ಯೋಗಿಗಳಿಗೆ ಏನು ತಿಳಿದಿರಬೇಕು. ಗಡಿಯಾಚೆಯ ಹೊಸೂರಿನ ಟೈಟಾನ್ ಕಾರ್ಖಾನೆ ಗಡಿಯಾರ ಜೋಡಿಸುವ ಸಾಲಿನಲ್ಲಿ ಅಂಗವಿಕಲರಿಗೆ ಜಾಗ ಕೊಟ್ಟಿತು. 2006ರಲ್ಲಿ ಶುರುವಾದ ವಿಂಧ್ಯಾ ಇ-ಇನ್ಫೋಮೀಡಿಯಾದ ನೌಕರರಲ್ಲಿ ಬಹುಪಾಲು ಅಂಗವಿಕಲರೇ. ಇವೆಲ್ಲ ಬೆಂಗಳೂರಿನ ಸುತ್ತಲಿನ ಕಥೆ ಎಂಬುದೂ ಗಮನಿಸಬೇಕಾದ ಮಾತು.

ಹುಬ್ಬಳ್ಳಿಯ ಹೆಸರು ಈ ಕ್ಷೇತ್ರದಲ್ಲಿ ಕೇಳಿಸಿದ್ದು 2017ರಲ್ಲಿ. ದೇಶಪಾಂಡೆ ಫೌಂಡೇಶನ್ನಿನ ಬೆಂಬಲದೊಂದಿಗೆ ಅಲೀನಾ ಆಲಂ ಬಿವಿಬಿ ಕಾಲೇಜಿನ ಆವರಣದಲ್ಲಿ ಮೊದಲ ಮಿಟ್ಟಿ ಕೆಫೆ ತೆರೆದರು. ಅಡುಗೆ, ಬಡಿಸುವುದು, ಗಲ್ಲಾ ನೋಡಿಕೊಳ್ಳುವುದು, ಎಲ್ಲವನ್ನೂ ಅಂಗವಿಕಲರೇ ಮಾಡುವ ಈ ಕೆಫೆಗಳು ಮುಂದೆ ಬೆಂಗಳೂರು ವಿಮಾನ ನಿಲ್ದಾಣಕ್ಕೂ, 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ತಲುಪಿದವು. ಕಟ್ಟುನಿಟ್ಟಿನ ಅರ್ಥದಲ್ಲಿ ಇದು ಬೆಂಬಲಿತ ಉದ್ಯೋಗವಲ್ಲ. ನೌಕರರಲ್ಲಿ ಬಹುತೇಕರು ಅಂಗವಿಕಲರಾದ ಕಡೆ ಬೆರಕೆ ಕಡಿಮೆ. ಆದರೆ ಹಳೆಯ ಕಾರ್ಯಾಗಾರಕ್ಕೆ ಗಿರಾಕಿ ಬರುತ್ತಿರಲಿಲ್ಲ; ಇಲ್ಲಿ ಚಹಾಕ್ಕೆ ಬಂದ ವಿದ್ಯಾರ್ಥಿ ನಾಳೆ ಕಂಪನಿಯಲ್ಲಿ ಆಳು ನೇಮಿಸುವವನಾಗುತ್ತಾನೆ. ಅವಳಿ ನಗರದ ಇನ್ನೊಂದು ಆಸ್ತಿ, 19ನೇ ಶತಮಾನದಲ್ಲಿ ಮನೋರೋಗಿಗಳ ಆಸ್ಪತ್ರೆಯಾಗಿ ಆರಂಭವಾದ ಧಾರವಾಡದ ಡಿಮ್ಹಾನ್ಸ್. ಚಿಕಿತ್ಸೆ ಮತ್ತು ಉದ್ಯೋಗ ಒಂದೇ ಸೂರಿನಡಿ ಇರಬೇಕೆಂಬ ಬೆಕರ್-ಡ್ರೇಕ್ ಮಾದರಿಗೆ ಇಂಥ ಆಸ್ಪತ್ರೆಗಿಂತ ಒಳ್ಳೆಯ ನೆಲೆ ಉತ್ತರ ಕರ್ನಾಟಕದಲ್ಲಿ ಸಿಗಲಾರದು. ಎರಡು ನಗರಗಳ ನಡುವೆ ಓಡುವ ಚಿಗರಿ ಬಸ್ಸುಗಳಿಗೆ ನಿಲ್ದಾಣದ ಕಟ್ಟೆಯಿಂದ ಸಮತಟ್ಟಾಗಿ ಹತ್ತಬಹುದು. ಗಾಲಿಕುರ್ಚಿಯವರ ಮಟ್ಟಿಗೆ ಅದು ಸಣ್ಣ ಅನುಕೂಲವೇನಲ್ಲ.

ಸುಳ್ಳದ ಎರಿ ಹೊಲಗಳ ಕಡೆ ತಿರುಗಿದರೆ ಲೆಕ್ಕ ಬೇರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರು 13.24 ಲಕ್ಷ, ದೇಶದಲ್ಲಿ ಅವರ ಪೈಕಿ ದುಡಿಯುವವರು ಶೇ 36ರಷ್ಟು. ಹಳ್ಳಿಯಲ್ಲಿ ಕಂಪನಿಯಿಲ್ಲ, ನೇಮಕಾತಿ ವಿಭಾಗವಿಲ್ಲ. ಇರುವುದು ಹತ್ತಿ ಬಿಡಿಸುವುದು, ಮೆಣಸಿನಕಾಯಿ ತೊಟ್ಟು ಮುರಿಯುವುದು, ಎಮ್ಮೆ ಸಾಕಣೆ, ಹೊಲಿಗೆ, ಕಿರಾಣಿ ಅಂಗಡಿ, ರೊಟ್ಟಿ ಬಡಿದು ಮಾರುವುದು. ಸರ್ಕಾರದ ನೆರವು ಇಲ್ಲವೆಂದಲ್ಲ. ಸ್ವಂತ ಉದ್ಯೋಗಕ್ಕೆ ಆಧಾರ ಯೋಜನೆಯ ಸಾಲವಿದೆ, ಯಂತ್ರಚಾಲಿತ ದ್ವಿಚಕ್ರ ವಾಹನದ ಯೋಜನೆಯಿದೆ, ಊರಿನಿಂದ 100 ಕಿಲೋಮೀಟರಿನವರೆಗೆ ರಿಯಾಯಿತಿ ಬಸ್ ಪಾಸಿದೆ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಎತ್ತಿಡಬೇಕು. ಉದ್ಯೋಗ ಖಾತ್ರಿಯಲ್ಲಿ ಅರ್ಧ ಪ್ರಮಾಣದ ಕೆಲಸಕ್ಕೆ ಪೂರ್ತಿ ಕೂಲಿ ಕೊಡುವ ನಿಯಮವನ್ನು ರಾಜ್ಯ ತಂದಿತ್ತು.

ಇವುಗಳ ನಡುವೆ ಹೆಚ್ಚು ಬೆಲೆಬಾಳುವ ಏರ್ಪಾಡು ಮನುಷ್ಯರದು. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಾರೆ. ಇವರು ಸ್ವತಃ ಅಂಗವಿಕಲರು. ಯಾರ ಮನೆಯಲ್ಲಿ ಯಾರಿದ್ದಾರೆಂದು ಬಲ್ಲವರು. ಈಗ ಅವರ ಹೊತ್ತೆಲ್ಲ ಗುರುತಿನ ಚೀಟಿ, ಮಾಸಾಶನ, ಅರ್ಜಿಗಳಲ್ಲಿ ಕಳೆಯುತ್ತದೆ. ಮಾರ್ಕ್ ಗೋಲ್ಡ್‌ನ ಹಂತ ಒಡೆಯುವ ವಿದ್ಯೆಗೆ ಕಾರ್ಖಾನೆಯೇ ಬೇಕೆಂದಿಲ್ಲ. ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುವುದನ್ನೂ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದನ್ನೂ ಅದೇ ಕ್ರಮದಲ್ಲಿ ಕಲಿಸಬಹುದು. ಸಾಲ ಮಂಜೂರಾದ ಮೇಲೆ ಮೊದಲ ಆರು ತಿಂಗಳು ವಾರಕ್ಕೊಮ್ಮೆ ಹೋಗಿ ವಿಚಾರಿಸುವವರಿದ್ದರೆ ಮುಚ್ಚಿಹೋಗುವ ಅಂಗಡಿಗಳಲ್ಲಿ ಎಷ್ಟೋ ಉಳಿದಾವು. ಈ ಕಾರ್ಯಕರ್ತರಿಗೆ ಜಾಬ್ ಕೋಚ್ ತರಬೇತಿಯನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಡದೆ ಹಳ್ಳಿಗಳಿಗೆ ಬೆಂಬಲಿತ ಉದ್ಯೋಗ ಬರುವುದಿಲ್ಲ. ಸರ್ಕಾರ ಮೊದಲು ಮಾಡಬೇಕಾದದ್ದು ಅದನ್ನೇ.