ಬಾತಿಯಿಂದ ವೇದಿಕೆಗೆ: ಗಿಟಾರ್ ಪ್ರೊಸೆಸರ್ ಮತ್ತು ಪವರ್ಡ್ ಸ್ಪೀಕರ್

ದಾವಣಗೆರೆ ಮತ್ತು ಹರಿಹರದ ನಡುವೆ, ಹಳೆಯ ಪಿ.ಬಿ. ರಸ್ತೆಯ ಬದಿಯಲ್ಲಿದೆ ಬಾತಿ. ಇಲ್ಲಿಂದ ಎರಡೂ ಊರುಗಳ ವೇದಿಕೆಗಳು ಬೈಕಿನಲ್ಲಿ ಹೋಗಿಬರುವಷ್ಟು ದೂರ. ಗಿಟಾರ್ ನುಡಿಸುವವರಿಗೆ ಒಂದು ಸಂಜೆ ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ಆರತಕ್ಷತೆಯ ಆರ್ಕೆಸ್ಟ್ರಾ, ಇನ್ನೊಂದು ಸಂಜೆ ಹರಿಹರದ ಗಣಪತಿ ಪೆಂಡಾಲಿನಲ್ಲಿ ರಸಮಂಜರಿ, ನವೆಂಬರ್ ಬಂದರೆ ರಾಜ್ಯೋತ್ಸವದ ಬಯಲು ವೇದಿಕೆ. ಪ್ರತಿ ಕಡೆ ಮೈಕ್‌ಸೆಟ್ ಬೇರೆ, ಕರೆಂಟ್ ಬೇರೆ, ಸದ್ದು ಹರಡುವ ರೀತಿಯೂ ಬೇರೆ. ಎಲ್ಲಿಗೆ ಹೋದರೂ ತಮ್ಮ ಟೋನ್ ತಮ್ಮದಾಗಿಯೇ ಉಳಿಯಬೇಕೆಂಬುದು ವಾದಕರ ಹಂಬಲ. ಅದಕ್ಕೆ ಇಂದು ಕೈಗೆಟಕುವ ದಾರಿಯೆಂದರೆ ಕಾಲ ಬಳಿ ಒಂದು ಡಿಜಿಟಲ್ ಪ್ರೊಸೆಸರ್, ಎದುರಿಗೊಂದು ಪವರ್ಡ್ ಸ್ಪೀಕರ್. ಈ ಜೋಡಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ, ನಮ್ಮ ವೇದಿಕೆಗಳಿಗೆ ಅದನ್ನು ಹೇಗೆ ಒಗ್ಗಿಸಬೇಕು ಎಂಬ ವಿವರ ಇಲ್ಲಿದೆ.

ಪ್ರೊಸೆಸರ್ ಒಳಗೆ ನಡೆಯುವುದೇನು

ಎಲೆಕ್ಟ್ರಿಕ್ ಗಿಟಾರಿನ ನಾದ ತಂತಿಯಲ್ಲಿ ಹುಟ್ಟಿ ಆಂಪ್ಲಿಫೈಯರಿನಲ್ಲಿ ಮೈದುಂಬುತ್ತದೆ. ಪಿಕಪ್ ಕೊಡುವ ಸಣ್ಣ ಸಿಗ್ನಲ್ ಆಂಪಿನ ವಾಲ್ವ್‌ಗಳನ್ನು ದಾಟುವಾಗ ಮೀಟಿನ ಬಿರುಸಿಗೆ ತಕ್ಕಂತೆ ಒತ್ತಿಕೊಳ್ಳುತ್ತದೆ, ತುಸು ಒಡೆಯುತ್ತದೆ, ಮೂಲದಲ್ಲಿಲ್ಲದ ಹೊಸ ಸ್ವರಾಂಶಗಳನ್ನು ಪಡೆಯುತ್ತದೆ. ಮೆಲ್ಲಗೆ ಮೀಟಿದರೆ ತಿಳಿ ನಾದ, ಬಿರುಸಾಗಿ ಮೀಟಿದರೆ ಒರಟು ನಾದ. ಈ ವರ್ತನೆಯನ್ನೇ ಲೆಕ್ಕದ ಮೂಲಕ ಮರುಸೃಷ್ಟಿಸುವ ಯಂತ್ರ ಆಂಪ್ ಮಾಡೆಲರ್. ನಮ್ಮ ಆರ್ಕೆಸ್ಟ್ರಾ ಬಳಗದಲ್ಲಿ ಅದನ್ನು ‘ಪ್ರೊಸೆಸರ್’ ಎಂದೇ ಕರೆಯುತ್ತಾರೆ.

ಯಂತ್ರವು ಸಿಗ್ನಲ್ಲನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಮಾರ್ಪಡಿಸುತ್ತದೆ. ಆಂಪಿನ ಪ್ರತಿ ಹಂತವನ್ನು ಲೆಕ್ಕ ಹಾಕಿ, ಮತ್ತೆ ವಿದ್ಯುತ್ ಅಲೆಯಾಗಿಸಿ ಹೊರಗೆ ಕೊಡುತ್ತದೆ. ಇದಕ್ಕೆಲ್ಲ ಹಿಡಿಯುವ ಸಮಯ ಎರಡು ಮೂರು ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಅಂದರೆ ಪ್ರೊಸೆಸರ್ ತರುವ ತಡ, ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ. ತಾಳ ತಪ್ಪೀತೆಂಬ ಭಯ ಬೇಡ.

ಇನ್ನೊಂದು ಉಪಕಾರವೂ ಇದೆ. ಎಷ್ಟೋ ಕಡೆ ಗಿಟಾರನ್ನು ನೇರವಾಗಿ ಮಿಕ್ಸರಿಗೆ ಚುಚ್ಚುವ ರೂಢಿಯಿದೆ. ಮಿಕ್ಸರಿನ ಲೈನ್ ಇನ್‌ಪುಟ್‌ನ ಪ್ರತಿರೋಧ ಸಾಮಾನ್ಯವಾಗಿ ಕೆಲವು ಹತ್ತು ಸಾವಿರ ಓಮ್. ಪಿಕಪ್‌ಗೆ ಅದು ಭಾರವಾಗಿ, ನಾದದ ಹೊಳಪೇ ಹೋಗುತ್ತದೆ. ಪ್ರೊಸೆಸರಿನ ಗಿಟಾರ್ ಇನ್‌ಪುಟ್ ಸುಮಾರು ಹತ್ತು ಲಕ್ಷ ಓಮ್ ಇರುವುದರಿಂದ ಪಿಕಪ್ ಹಗುರಾಗಿ ಉಸಿರಾಡುತ್ತದೆ.

ನಡೆದು ಬಂದ ದಾರಿ

1995ರಲ್ಲಿ ರೋಲ್ಯಾಂಡ್ ಕಂಪನಿ ವಿಜಿ-8 ಎಂಬ ಯಂತ್ರದಲ್ಲಿ ಗಿಟಾರ್ ಮತ್ತು ಆಂಪ್‌ಗಳ ಡಿಜಿಟಲ್ ಮಾದರಿಗಳನ್ನು ತಂದಿತು. ಮರುವರ್ಷ ಲೈನ್ 6 ಕಂಪನಿ ಮಾಡೆಲಿಂಗ್ ಆಂಪನ್ನೇ ಮಾರುಕಟ್ಟೆಗಿಳಿಸಿತು. 1998ರಲ್ಲಿ ಬಂದ ಅದರ ‘ಪಾಡ್’, ರಾಜ್ಮಾ ಕಾಳಿನಾಕಾರದ ಕೆಂಪು ಪೆಟ್ಟಿಗೆ, ಮನೆಯಲ್ಲಿ ಕೂತು ರೆಕಾರ್ಡ್ ಮಾಡುವವರ ಮೆಚ್ಚುಗೆ ಗಳಿಸಿತು. 2006ರ ಫ್ರಾಕ್ಟಲ್ ಆಕ್ಸ್-ಎಫ್ಎಕ್ಸ್ ದೊಡ್ಡ ಬ್ಯಾಂಡುಗಳ ವಿಶ್ವಾಸ ಗೆದ್ದಿತು. 2011ರಲ್ಲಿ ಜರ್ಮನಿಯ ಕೆಂಪರ್ ಬೇರೆಯೇ ಹಾದಿ ಹಿಡಿಯಿತು. ನಿಜವಾದ ಆಂಪೊಂದಕ್ಕೆ ಪರೀಕ್ಷಾ ಸದ್ದುಗಳನ್ನು ಕಳಿಸಿ, ಅದು ಕೊಡುವ ಉತ್ತರದಿಂದಲೇ ಅದರ ಗುಣವನ್ನು ಸೆರೆಹಿಡಿಯುವ ಹಾದಿ ಅದು. ಲೈನ್ 6ರದೇ 2015ರ ಹೀಲಿಕ್ಸ್, 2018ರ ಎಚ್ಎಕ್ಸ್ ಸ್ಟಾಂಪ್ ಬರುವ ಹೊತ್ತಿಗೆ ಯಂತ್ರ ಊಟದ ಡಬ್ಬಿಯಷ್ಟು ಚಿಕ್ಕದಾಯಿತು. ಈಚಿನವು ನ್ಯೂರಲ್ ನೆಟ್‌ವರ್ಕ್ ಬಳಸಿ ಆಂಪಿನ ವರ್ತನೆಯನ್ನು ಕಲಿಯುತ್ತವೆ.

ಭಾರದ ಲೆಕ್ಕ ನೋಡಿದರೆ ಬಾತಿಯ ವಾದಕರಿಗೆ ಇದರ ಬೆಲೆ ತಿಳಿಯುತ್ತದೆ. ವಾಲ್ವ್‌ಗಳಿರುವ ಫೆಂಡರ್ ಟ್ವಿನ್ ರಿವರ್ಬ್ ಆಂಪ್ ಸುಮಾರು 29 ಕಿಲೋ. ಅದನ್ನು ಸಾಗಿಸಲು ಆಟೋ ಬೇಕು, ಹೊರಲು ಇನ್ನೊಬ್ಬರು ಬೇಕು. ಎಚ್ಎಕ್ಸ್ ಸ್ಟಾಂಪ್ ಒಂದು ಕಿಲೋ ಚಿಲ್ಲರೆ, ಯಮಹಾ ಡಿಬಿಆರ್10 ಸ್ಪೀಕರ್ ಹತ್ತೂವರೆ ಕಿಲೋ. ಬೆನ್ನಿಗೆ ಗಿಟಾರ್, ಬೈಕಿನ ಹಿಂದೆ ಸ್ಪೀಕರ್, ಚೀಲದಲ್ಲಿ ಪ್ರೊಸೆಸರ್: ಇಷ್ಟೇ. ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥವು ಪರದೆ, ಸೀನರಿಗಳನ್ನು ಹೊತ್ತು ಊರೂರು ಸುತ್ತಿದ ನೆಲ ಇದು. ಹೊತ್ತೊಯ್ಯುವ ಸಾಮಾನು ಹಗುರಾದರೆ ಕಲಾವಿದರ ಕೈ ಎಷ್ಟು ಬಿಡುವಾಗುತ್ತದೆಂದು ಇಲ್ಲಿಯವರಿಗೆ ವಿವರಿಸಬೇಕಿಲ್ಲ.

ಕ್ಯಾಬಿನೆಟ್ ಎಂಬ ಅರ್ಧ

ಗಿಟಾರ್ ಆಂಪಿನ ಸ್ಪೀಕರಿಗೆ ಅದರದೇ ಬಣ್ಣವಿದೆ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್ ಮೇಲಿನ ಸದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಒಡೆದ ಸಿಗ್ನಲ್ಲಿನ ಕರ್ಕಶ ಅಂಶವೆಲ್ಲ ಅಲ್ಲೇ ಸೋಸಿಹೋಗುತ್ತದೆ. ಹಾಡಿಗಾಗಿ ಮಾಡಿದ ಪಿ.ಎ. ಸ್ಪೀಕರ್ ಹಾಗಲ್ಲ, ಅದು 15,000 ಹರ್ಟ್ಜ್ ದಾಟಿಯೂ ನುಡಿಯುತ್ತದೆ. ಆದ್ದರಿಂದ ಪ್ರೊಸೆಸರಿನಲ್ಲಿ ಆಂಪಿನ ಜೊತೆಗೆ ಕ್ಯಾಬಿನೆಟ್ಟಿನ ಮಾದರಿಯೂ ಇರಬೇಕು. ನಿಜವಾದ ಕ್ಯಾಬಿನೆಟ್ಟಿನ ಮುಂದೆ ಮೈಕ್ ಇಟ್ಟು ಅದರ ಗುಣವನ್ನು ದಾಖಲಿಸಿದ ಪುಟ್ಟ ಫೈಲನ್ನು ಇಂಪಲ್ಸ್ ರೆಸ್ಪಾನ್ಸ್ ಅಥವಾ ‘ಐಆರ್’ ಎನ್ನುತ್ತಾರೆ.

ನಿಯಮ ಸರಳ. ಪ್ರೊಸೆಸರ್ ಮಿಕ್ಸರಿಗೋ ಪವರ್ಡ್ ಸ್ಪೀಕರಿಗೋ ಹೋಗುತ್ತಿದ್ದರೆ ಕ್ಯಾಬಿನೆಟ್ ಮಾದರಿ ಆನ್ ಇರಬೇಕು. ಗಿಟಾರ್ ಆಂಪಿಗೇ ಹೋಗುತ್ತಿದ್ದರೆ ಆಫ್ ಇರಬೇಕು. ಮೊದಲನೆಯದು ತಪ್ಪಿದರೆ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಸದ್ದು. ಎರಡನೆಯದು ತಪ್ಪಿದರೆ ಕಂಬಳಿ ಹೊದ್ದ ಸದ್ದು. ಪ್ರೊಸೆಸರ್ ಕೊಂಡು ಬೇಸತ್ತವರಲ್ಲಿ ಅನೇಕರು ಎಡವಿರುವುದು ಈ ಒಂದು ಸ್ವಿಚ್ಚಿನಲ್ಲಿ.

ಪವರ್ಡ್ ಸ್ಪೀಕರ್ ಆರಿಸುವಾಗ

ಪವರ್ಡ್ ಅಥವಾ ಆಕ್ಟಿವ್ ಸ್ಪೀಕರ್ ಎಂದರೆ ಪವರ್ ಆಂಪ್ಲಿಫೈಯರ್ ಒಳಗೇ ಇರುವ ಪೆಟ್ಟಿಗೆ. ಬೇಸ್‌ಗೊಂದು ಸ್ಪೀಕರ್, ಮೇಲಿನ ಸ್ವರಗಳಿಗೊಂದು ಹಾರ್ನ್, ಎರಡಕ್ಕೂ ಸಿಗ್ನಲ್ ಹಂಚುವ ಸರ್ಕ್ಯೂಟ್ ಎಲ್ಲ ಅದರಲ್ಲೇ ಅಡಕ. ಪೂರ್ಣ ಶ್ರೇಣಿಯನ್ನು ತನ್ನ ಬಣ್ಣ ಬೆರೆಸದೆ ನುಡಿಸುವ ಇಂಥ ಸ್ಪೀಕರನ್ನು ಗಿಟಾರ್ ಬಳಗದಲ್ಲಿ ‘ಎಫ್ಆರ್‌ಎಫ್ಆರ್’ ಎನ್ನುವುದುಂಟು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ 1,000, 2,000 ವ್ಯಾಟ್‌ಗಳು ಸಾಮಾನ್ಯವಾಗಿ ಕ್ಷಣಕಾಲದ ಗರಿಷ್ಠ ಸಾಮರ್ಥ್ಯ. ನಿರಂತರ ಸಾಮರ್ಥ್ಯ ಅದಕ್ಕಿಂತ ಕಡಿಮೆ. ವ್ಯಾಟ್ ಎರಡು ಪಟ್ಟಾದರೂ ಸದ್ದು ಏರುವುದು ಮೂರು ಡೆಸಿಬೆಲ್ ಮಾತ್ರ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ: ಒಂದು ಮೀಟರಿನಲ್ಲಿ 100 ಇದ್ದದ್ದು 32 ಮೀಟರಿನಲ್ಲಿ 70. ಹಾಗಾಗಿ ಒಂದು ಸ್ಪೀಕರಿನಿಂದ ಇಡೀ ಮೈದಾನ ತುಂಬಿಸುವ ಯೋಚನೆ ಬೇಡ. ಜನಕ್ಕೆ ಕೇಳಿಸುವುದು ಮೈಕ್‌ಸೆಟ್‌ನವರ ಕೆಲಸ. ನಿಮ್ಮ ಸ್ಪೀಕರ್ ನಿಮಗೆ ಮತ್ತು ಪಕ್ಕದ ಸಹವಾದಕರಿಗೆ.

ಇಡುವ ಜಾಗವೂ ಮುಖ್ಯ. ನೆಲದ ಮೇಲೆ ಓರೆಯಾಗಿ ಇಟ್ಟಾಗ ನೆಲದ ಪ್ರತಿಫಲನ ಸೇರಿ ಬೇಸ್ ಹೆಚ್ಚುತ್ತದೆ. ಡ್ರಮ್ಮಿನ ಮೇಲೆ ಹಲಗೆ ಹಾಸಿ ಕಟ್ಟಿದ ವೇದಿಕೆಯಲ್ಲಂತೂ ಹಲಗೆಯೇ ಗುಂಯ್‌ಗುಡುತ್ತದೆ. ಅಂಥ ಕಡೆ ಸ್ಪೀಕರನ್ನು ಗಟ್ಟಿ ಕುರ್ಚಿಯ ಮೇಲೋ ಸ್ಟ್ಯಾಂಡಿನ ಮೇಲೋ ಏರಿಸಿದರೆ ನಾದ ಬಿಡಿಸಿ ಕೇಳುತ್ತದೆ.

ಮನೆಯ ಟೋನ್, ಮೈದಾನದ ಟೋನ್

ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂಡಿಸಿದ ಪ್ಯಾಚ್, ಅಂದರೆ ಯಂತ್ರದಲ್ಲಿ ಉಳಿಸಿಟ್ಟ ಟೋನ್ ಹೊಂದಿಕೆ, ವೇದಿಕೆಯಲ್ಲಿ ಕೈಕೊಡುವುದಕ್ಕೆ ಕಾರಣ ಯಂತ್ರವಲ್ಲ, ಕಿವಿ. ಸದ್ದು ಸಣ್ಣದಿದ್ದಾಗ ಮನುಷ್ಯರ ಕಿವಿಗೆ ಬೇಸ್ ಮತ್ತು ತೀರ ಮೇಲಿನ ಸ್ವರಗಳು ಮಂದವಾಗಿ ಕೇಳುತ್ತವೆ. ದೊಡ್ಡದಾದಂತೆ ಅವು ಎದ್ದು ಬರುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಮನೆಯಲ್ಲಿ ತುಂಬಿದಂತೆ ಕೇಳಲೆಂದು ಏರಿಸಿದ ಬೇಸು, ಟ್ರೆಬಲ್ಲು ವೇದಿಕೆಯಲ್ಲಿ ಮಿತಿಮೀರುತ್ತವೆ. ಹಾಡಿಗೆ ಬೇಕಾದ ನಡುವಿನ ಸ್ವರಗಳೇ ಕಾಣೆಯಾಗುತ್ತವೆ.

ಪರಿಹಾರಕ್ಕೆ ಮೂರು ಹೆಜ್ಜೆ. ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಅದಕ್ಕಿಂತ ಕೆಳಗಿರುವುದು ಹೆಚ್ಚಾಗಿ ಗುಡುಗು. ಆದ್ದರಿಂದ ಲೋ ಕಟ್ ಅನ್ನು 80ರಿಂದ 100 ಹರ್ಟ್ಜ್‌ಗೆ ಇಡಿ. ಹೈ ಕಟ್ 6,000ದಿಂದ 8,000 ಹರ್ಟ್ಜ್ ನಡುವೆ ಇರಲಿ. ರಿವರ್ಬ್ ಮನೆಯಲ್ಲಿ ಹಿತವೆನಿಸಿದ್ದರ ಅರ್ಧಕ್ಕೆ ಇಳಿಯಲಿ. ನಂತರ ಪ್ಯಾಚನ್ನು ಒಮ್ಮೆಯಾದರೂ ವೇದಿಕೆಯಷ್ಟೇ ಜೋರಾಗಿ, ಹಗಲು ಹೊತ್ತಿನಲ್ಲಿ, ನೆರೆಹೊರೆಯವರಿಗೆ ಹೇಳಿ ನುಡಿಸಿ ನೋಡಬೇಕು.

ಜಾಗಕ್ಕೆ ತಕ್ಕ ತಿದ್ದುಪಡಿ ಬೇರೆ. ಕಲ್ಯಾಣ ಮಂಟಪದ ಗ್ರಾನೈಟ್ ನೆಲ, ಕಾಂಕ್ರೀಟ್ ಚಾವಣಿ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಅಲ್ಲಿ ರಿವರ್ಬ್ ಪೂರ್ತಿ ತೆಗೆದರೂ ನಡೆದೀತು. ಬಯಲಿನಲ್ಲಿ ತಡೆಯುವ ಗೋಡೆಯಿಲ್ಲ, ನಾದ ಒಣಗಿದಂತೆ ಕೇಳುತ್ತದೆ. ಅಲ್ಲಿ ತುಸು ಡಿಲೇ, ತುಸು ಬೇಸ್ ಸೇರಿಸಬಹುದು.

ಜೋಡಿಸುವ ಕ್ರಮ

ಪ್ರೊಸೆಸರಿನಿಂದ ಎರಡು ದಾರಿ ತೆಗೆಯುವುದು ಒಳ್ಳೆಯ ಪದ್ಧತಿ. ಒಂದು, ಎಕ್ಸ್‌ಎಲ್ಆರ್ ಕೇಬಲ್ಲಿನಲ್ಲಿ ಮಿಕ್ಸರಿಗೆ. ಇನ್ನೊಂದು, ಜ್ಯಾಕ್ ಕೇಬಲ್ಲಿನಲ್ಲಿ ನಿಮ್ಮ ಸ್ಪೀಕರಿಗೆ. ದೊಡ್ಡ ವಾಲ್ಯೂಮ್ ಗುಬ್ಬಿ ಎರಡನೆಯದನ್ನು ಮಾತ್ರ ನಿಯಂತ್ರಿಸುವಂತೆ ಹೊಂದಿಸಿ. ಹಾಡಿನ ನಡುವೆ ನಿಮಗೆ ಕೇಳಿಸದೆ ಗುಬ್ಬಿ ತಿರುಗಿಸಿದರೂ ಜನರ ಮುಂದಿನ ಸದ್ದು ಅಲುಗುವುದಿಲ್ಲ. ಮೈಕ್‌ಸೆಟ್‌ನವರು ನಿಮ್ಮನ್ನು ನಂಬುವುದು ಇಂಥ ಶಿಸ್ತಿನಿಂದ.

ಮಿಕ್ಸರಿಗೆ ಚುಚ್ಚುವ ಮುನ್ನ ಆ ಚಾನೆಲ್ ಮ್ಯೂಟ್ ಮಾಡಿಸಿ. ತಬಲಾಕ್ಕೋ ಕೊಳಲಿಗೋ ಕಂಡೆನ್ಸರ್ ಮೈಕ್ ಇದ್ದರೆ 48 ವೋಲ್ಟ್ ಫ್ಯಾಂಟಮ್ ಪವರ್ ಆನ್ ಆಗಿರುತ್ತದೆ, ಸಣ್ಣ ಮಿಕ್ಸರುಗಳಲ್ಲಿ ಅದಕ್ಕೆ ಒಂದೇ ಸ್ವಿಚ್. ಎಲ್ಲ ಪ್ರೊಸೆಸರುಗಳೂ ಅದನ್ನು ತಾಳುವುದಿಲ್ಲ. ನಿಮ್ಮ ಯಂತ್ರದ ಕೈಪಿಡಿ ಅನುಮತಿಸದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಎಲ್ಲ ಪ್ಯಾಚುಗಳ ಸದ್ದಿನ ಮಟ್ಟ ಒಂದೇ ಇರಲಿ, ಸೋಲೋ ಪ್ಯಾಚ್ ಮಾತ್ರ ಮೂರು ನಾಲ್ಕು ಡೆಸಿಬೆಲ್ ಮೇಲಿರಲಿ.

ಕರೆಂಟ್, ಅರ್ಥಿಂಗ್, ಮಳೆ

ಜನರೇಟರಿನ ಮೇಲೆ ನಡೆಯುವ ಪೆಂಡಾಲಿನಲ್ಲಿ ವೋಲ್ಟೇಜ್ ಏರಿಳಿತ ಸಹಜ. ಪ್ರೊಸೆಸರಿನ ಅಡಾಪ್ಟರ್ ಮತ್ತು ಹೊಸ ಸ್ಪೀಕರುಗಳ ಸ್ವಿಚ್‌ಮೋಡ್ ಪವರ್ ಸಪ್ಲೈ ಇದನ್ನು ಹಳೆಯ ವಾಲ್ವ್ ಆಂಪಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೂ ಲೈಟಿನ ಬೋರ್ಡಿಗೆ ಇವನ್ನು ಚುಚ್ಚಬಾರದು; ಡಿಮ್ಮರುಗಳ ಗುರುಗುಟ್ಟುವಿಕೆ ಪಿಕಪ್ಪಿಗೆ ಬರುತ್ತದೆ. 50 ಅಥವಾ 100 ಹರ್ಟ್ಜ್‌ನ ‘ಹಮ್’ ಕೇಳಿದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ.

ಒಂದು ಕೆಲಸವನ್ನು ಮಾತ್ರ ಎಂದೂ ಮಾಡಬಾರದು: ಹಮ್ ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕೀಳುವುದು. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಅರ್ಥಿಗೆ ಸೇರಿರುತ್ತವೆ. ಅರ್ಥಿಂಗ್ ಕೆಟ್ಟ ವೇದಿಕೆಯಲ್ಲಿ ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಕರೆಂಟ್ ಎದೆಯ ಮೂಲಕ ಹಾಯಬಹುದು. ನುಡಿಸುವ ಮುನ್ನ ಟೆಸ್ಟರನ್ನು ಮೈಕಿನ ಜಾಲರಿಗೆ ತಾಗಿಸಿ ನೋಡಿ. 30 ಮಿಲಿಆಂಪಿಗೆ ಕಡಿಯುವ ಆರ್‌ಸಿಸಿಬಿ ಇದೆಯೇ ಎಂದು ಕೇಳಿ. ಕಾರ್ಯಕ್ರಮ ಹತ್ತು ನಿಮಿಷ ತಡವಾದರೆ ಚಿಂತೆಯಿಲ್ಲ.

ಗಣೇಶೋತ್ಸವ ಮಳೆಗಾಲದಲ್ಲೇ ಬರುತ್ತದೆ. ಕೇಬಲ್ ಜೋಡಣೆಗಳು ಕೆಸರಿನಿಂದ ಮೇಲಿರಲಿ. ಸ್ಪೀಕರಿಗೆ ಪ್ಲಾಸ್ಟಿಕ್ ಹೊದಿಸುವಾಗ ಹಿಂಬದಿಯ ಗಾಳಿಕಿಂಡಿ ಮುಚ್ಚದಿರಲಿ. ಚೀಲದಲ್ಲಿ ಇನ್ನೊಂದು ಅಡಾಪ್ಟರ್, ಎರಡು ಹೆಚ್ಚುವರಿ ಕೇಬಲ್ ಇರಲಿ. ಕಾರ್ಯಕ್ರಮದ ದಿನ ಯಂತ್ರದ ಸಾಫ್ಟ್‌ವೇರ್ ಬದಲಿಸುವುದು ಬೇಡ.

ನಮ್ಮ ಹಾಡಿಗೆ ತಕ್ಕ ಹೊಂದಿಕೆ

ಕಂಪನಿ ತುಂಬಿಕೊಟ್ಟ ಪ್ಯಾಚುಗಳು ಹೆಚ್ಚಾಗಿ ಪಾಶ್ಚಾತ್ಯ ರಾಕ್ ಸಂಗೀತಕ್ಕೆ ಮಾಡಿದವು. ಭಾವಗೀತೆಗೋ ಚಿತ್ರಗೀತೆಗೋ ಅವು ಭಾರ. ಸ್ವರದಿಂದ ಸ್ವರಕ್ಕೆ ಜಾರುವ ಗಮಕದಲ್ಲಿ ನಾದ ಕ್ಷೀಣಿಸುತ್ತ ಸಾಗುತ್ತದೆ. ನಾಯ್ಸ್ ಗೇಟನ್ನು ಬಿಗಿಯಾಗಿಟ್ಟರೆ ಆ ಜಾರು ಮುಗಿಯುವ ಮೊದಲೇ ಬಾಗಿಲು ಮುಚ್ಚಿಬಿಡುತ್ತದೆ. ಗೇಟನ್ನು ಸಡಿಲಿಸಿ, ಹಗುರ ಕಂಪ್ರೆಸರ್ ಸೇರಿಸಿದರೆ ನಾದ ಕೊನೆಯವರೆಗೆ ಉಳಿಯುತ್ತದೆ. ಡಿಲೇ ಹಾಡಿನ ಲಯಕ್ಕೆ ಕೂಡಿರಬೇಕು: 60,000ವನ್ನು ನಿಮಿಷದ ಬಡಿತಗಳಿಂದ ಭಾಗಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. 96 ಬಡಿತದ ಹಾಡಿಗೆ 625. ಕೀಬೋರ್ಡು, ರಿದಂ ಪ್ಯಾಡು ಜೊತೆಗಿರುವಾಗ ಡಿಸ್ಟಾರ್ಶನ್ ಮನೆಯಲ್ಲಿದ್ದುದಕ್ಕಿಂತ ಕಡಿಮೆಯೇ ಇರಲಿ; ಆಗಲೇ ಗಿಟಾರ್ ಗುರುತು ಸಿಗುತ್ತದೆ.

ಸದ್ದಿಗೊಂದು ಮಿತಿ

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದ ಹಗಲಿನ ಮಟ್ಟ 55 ಡೆಸಿಬೆಲ್, ರಾತ್ರಿಯದು 45. ವಾಲ್ವ್ ಆಂಪ್ ಜೋರು ಮಾಡಿದರೆ ಮಾತ್ರ ಮಧುರವಾಗುತ್ತದೆ. ಪ್ರೊಸೆಸರ್ ಸಣ್ಣ ಸದ್ದಿನಲ್ಲೂ ಅದೇ ಟೋನ್ ಕೊಡುತ್ತದೆ. ನೆರೆಯವರ ನಿದ್ದೆಗೂ ವಾದಕರ ಕಿವಿಗೂ ಇದು ದೊಡ್ಡ ಲಾಭ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದಾದರೆ 100ರಲ್ಲಿ ಹದಿನೈದೇ ನಿಮಿಷ.

ಕೊನೆಯ ಸಾಲಿನ ಕುರ್ಚಿ

ಬಹುತೇಕ ಪ್ರೊಸೆಸರುಗಳಲ್ಲಿ ‘ಲೂಪರ್’ ಇರುತ್ತದೆ. ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುತ್ತದೆ. ಸಂಜೆ ಜನ ಸೇರುವ ಮುನ್ನ ಎಂಟು ಮಾತ್ರೆಯ ಒಂದು ತುಣುಕು ನುಡಿಸಿ ಲೂಪರಿಗೆ ಹಾಕಿ, ಗಿಟಾರ್ ಕೆಳಗಿಟ್ಟು, ಮೈದಾನದ ಕೊನೆಯ ಸಾಲಿನ ಕುರ್ಚಿಯವರೆಗೆ ನಡೆದು ಹೋಗಿ ಕೂತು ಕೇಳಿ. ಬೇಸ್ ಗುಡುಗುತ್ತಿದೆಯೇ, ಮೇಲಿನ ಸ್ವರ ಚುಚ್ಚುತ್ತಿದೆಯೇ, ಹಾಡುವವರ ದನಿಗೆ ಜಾಗ ಉಳಿದಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಪೆಟ್ಟಿಗೆ ನೂರು ಆಂಪುಗಳನ್ನು ಹೊತ್ತು ತರಬಲ್ಲದು, ಆ ಸಂಜೆಯ ಮೈದಾನವನ್ನು ತರಲಾರದು. ಟೋನ್ ಪೂರ್ಣವಾಗುವುದು ವಾದಕರು ಆ ಕುರ್ಚಿಯಿಂದ ಎದ್ದು ಬಂದು ಗುಬ್ಬಿಯನ್ನು ಒಂದು ಗೆರೆ ತಿರುಗಿಸಿದಾಗ.