ಒಂದೇ ಗಾಳಿ, ಬೇರೆ ಬೇರೆ ಮೈ

ಕುಂದಾಪುರದ ನಮ್ಮ ಮನೆಯ ಚಾವಡಿಯಲ್ಲಿ ಅಮ್ಮಮ್ಮ ಪೇಪರು ಹಿಡಿದು ಕೂತಿದ್ದಳು. ಕಾಸರಗೋಡಿನ ಪಡ್ರೆಯ ಮಕ್ಕಳ ಚಿತ್ರ ಬಂದ ದಿನ ಅದು. ಬಹಳ ಹೊತ್ತು ನೋಡಿ ಕೇಳಿದಳು, "ಒಂದೇ ಗಾಳಿ, ಒಂದೇ ನೀರ್ ಅಲ್ದಾ ಮಗಾ? ಒಬ್ರಿಗ್ ಹೀಂಗ್ ಆಯ್ತ್, ಮಗ್ಗಲ್ ಮನೆಯವ್ರಿಗ್ ಎಂತದೂ ಇಲ್ಲ. ಅದ್ ಹ್ಯಾಂಗೆ?"

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೂ ಒಂದು ಚರಿತ್ರೆಯಿದೆ ಎಂದು ತಿಳಿದದ್ದು ಬಹಳ ತಡವಾಗಿ.

1938ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇದನ್ನೇ ಕೇಳಿದ್ದರು. ಪಿಂಗಾಣಿ ಪಾತ್ರೆ ಮಾಡುವ ಕಾರ್ಮಿಕರೆಲ್ಲ ಒಂದೇ ಧೂಳು ಕುಡಿಯುತ್ತಾರೆ, ಆದರೆ ಕೆಲವರಿಗಷ್ಟೇ ಶ್ವಾಸನಾಳದ ರೋಗ ಹತ್ತುತ್ತದೆ. ಹುಟ್ಟಿನಿಂದಲೇ ಅದಕ್ಕೆ ಬಗ್ಗುವ ಮೈ ಇದ್ದರೆ ಅಂಥವರನ್ನು ಮೊದಲೇ ಗುರುತಿಸಿ ಆ ಕೆಲಸದಿಂದ ದೂರ ಇಡಬಹುದೇ ಎಂದು ಅವರು ಯೋಚಿಸಿದರು. ಕಾರ್ಖಾನೆಗಳ ನೈರ್ಮಲ್ಯ ಸುಧಾರಿಸಬೇಕು ಎಂಬುದನ್ನೂ ಒಪ್ಪಿದ್ದರು. ಇದೇ ಹಾಲ್ಡೇನ್ ಮುಂದೆ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಅವರ ಊಹೆಗೆ ರಕ್ತದೊಳಗಿನ ಪುರಾವೆ 1956ರಲ್ಲಿ ಸಿಕ್ಕಿತು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಕೆಲವರ ಕೆಂಪು ರಕ್ತಕಣಗಳನ್ನು ಒಡೆಯುತ್ತಿತ್ತು. ಅವರಲ್ಲಿ ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿದೆ ಎಂದು ಅಮೆರಿಕದ ಸಂಶೋಧಕರು ಕಂಡುಕೊಂಡರು. ಈ ಕೊರತೆಯಿರುವ ಹಸುಗೂಸಿಗೆ ಡಾಂಬರ್ ಗುಳಿಗೆಯ ವಾಸನೆ ಹಿಡಿದ ಬಟ್ಟೆ ಹೊದೆಸಿದರೂ ಸಾಕು, ಕಾಮಾಲೆ ಬರಬಹುದು. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಇದಕ್ಕೆ ಕಾರಣ. ಈ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡುಮಕ್ಕಳಿಗೆ ಕಾಟ ಹೆಚ್ಚು.

ವಿಷ ಮತ್ತು ಮೈಯ ನಂಟನ್ನು ಹೇಳುವ ಗುರುತುಗಳನ್ನು ವಿಜ್ಞಾನಿಗಳು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ವಿಷ ಒಳಗೆ ಹೊಕ್ಕಿದೆ ಎನ್ನುವುದು ಒಂದು. ಅದು ತನ್ನ ಕೆಲಸ ಶುರುಮಾಡಿದೆ ಎನ್ನುವುದು ಇನ್ನೊಂದು. ಈ ಮೈ ಅದಕ್ಕೆ ಬೇಗ ಬಗ್ಗುತ್ತದೆ ಎನ್ನುವುದು ಮೂರನೆಯದು.

ಈಗ ಪಡ್ರೆಗೆ ಬರೋಣ. ಅಲ್ಲಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಪತ್ರಕರ್ತ ಶ್ರೀಪಡ್ರೆ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೊರಗೆ ಹೇಳಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 117 ಹುಡುಗರನ್ನು ಪರೀಕ್ಷಿಸಿ, ಸಿಂಪಡಣೆ ಇಲ್ಲದ ಕಡೆಯ 90 ಹುಡುಗರೊಂದಿಗೆ ಹೋಲಿಸಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಿಂಪಡಣೆಗೆ ಸಿಕ್ಕ ಹುಡುಗರ ರಕ್ತದ ಸೀರಮ್ಮಿನಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಉಳಿದವರಲ್ಲಿ 1.37. ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಸಿಂಪಡಣೆಗೆ ಸಿಕ್ಕವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಅಂದರೆ ಮೊದಲೆರಡು ಗುರುತುಗಳು ಸಿಕ್ಕಿದ್ದವು.

ವಾದ ಹುಟ್ಟಿದ್ದು ಮೂರನೆಯದರ ಸುತ್ತ. ಇದು ಸಂಬಂಧದೊಳಗಿನ ಮದುವೆಯ ಫಲ, ವಂಶದ ದೋಷ ಎಂದು ಹೇಳುವವರು ಎದ್ದರು. ನಮ್ಮ ಕರಾವಳಿಯಲ್ಲಿ ಸೋದರಮಾವನ ಮಗಳನ್ನು ತಂದುಕೊಂಡ ಮನೆಗಳು ಎಷ್ಟಿಲ್ಲ? ಆ ಮಾತು ಕೇಳಿದ ತಾಯಿ ಮದ್ದು ಬಿಟ್ಟವರನ್ನಲ್ಲ, ತನ್ನ ಹೊಟ್ಟೆಯನ್ನೇ ಶಪಿಸಿಕೊಳ್ಳುತ್ತಾಳೆ. ಮೈಯ ಗುರುತು ಹುಡುಕುವ ವಿಜ್ಞಾನಕ್ಕಿರುವ ಅಪಾಯ ಇದೇ. ರಕ್ಷಣೆಗೆ ಬಳಸಿದರೆ ಅದು ಮದ್ದು, ತಪ್ಪು ಹೊರಿಸಲು ಬಳಸಿದರೆ ಇನ್ನೊಂದು ವಿಷ. ಕೆಲವು ಮೈಗಳು ಬೇಗ ಬಗ್ಗುತ್ತವೆ ಎಂದು ಗೊತ್ತಾದ ಮೇಲೆ, ವಿಷದ ಮಿತಿಯನ್ನು ಆ ಮೈಗಳನ್ನು ನೋಡಿ ಇಡಬೇಕಲ್ಲವೇ?

2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ರಕ್ತದಲ್ಲಿ ಯಾವ ಕಿಣ್ವ ಕಡಿಮೆಯಿತ್ತು ಎಂದು ಕೇಳಿ ಕೊಟ್ಟ ಹಣವಲ್ಲ ಅದು.

ಅಮ್ಮಮ್ಮನ ಮರದ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಡಾಂಬರ್ ಗುಳಿಗೆ ಇರುತ್ತಿತ್ತು. ಮನೆಯಲ್ಲಿ ಬಾಣಂತನವಾದಾಗ ಮಾತ್ರ ಹಳೆಯ ಬಟ್ಟೆಗಳನ್ನೆಲ್ಲ ತೆಗೆದು, ಒಗೆದು, ಎರಡು ಬಿಸಿಲು ಕಾಣಿಸಿಯೇ ಮಗುವಿಗೆ ಹೊದೆಸುತ್ತಿದ್ದಳು. ಯಾವ ಮಗುವಿಗೆ ತಡೆಯುತ್ತದೆ, ಯಾವುದಕ್ಕೆ ತಡೆಯುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದನ್ನು ನಾನು ಕಾಣೆ. ಎಲ್ಲ ಮಕ್ಕಳ ಬಟ್ಟೆಗೂ ಅದೇ ಬಿಸಿಲು.